ಮೂರನೆಯ ಬಾಗಿಲು ತೆರೆದರೆ ಸಾಕೆ?

ನಮ್ಮ ಯಾವುದೇ ದೊಡ್ಡ ಊರಿನ ಬಸ್ ನಿಲ್ದಾಣದ ಶೌಚಾಲಯದ ಮುಂದೆ ಒಂದು ಮೇಜು, ಅದರ ಹಿಂದೆ ಚಿಲ್ಲರೆ ಎಣಿಸುತ್ತ ಕುಳಿತ ಒಬ್ಬ ವ್ಯಕ್ತಿ, ಅವನ ಎಡಬಲಕ್ಕೆ ‘ಪುರುಷರು’, ‘ಮಹಿಳೆಯರು’ ಎಂಬ ಎರಡು ಫಲಕಗಳು ಇರುತ್ತವೆ. ಹೆಚ್ಚಿನ ಪ್ರಯಾಣಿಕರು ಆ ಫಲಕಗಳನ್ನು ಓದುವುದೂ ಇಲ್ಲ. ಕಾಲು ತಾನಾಗಿಯೇ ಒಂದು ಕಡೆ ತಿರುಗುತ್ತದೆ. ಸೀರೆಯುಟ್ಟ ಮಂಗಳಮುಖಿಯೊಬ್ಬರು ಅದೇ ಮೇಜಿನ ಮುಂದೆ ಬಂದು ನಿಂತಾಗ ಮಾತ್ರ ಆ ಎರಡು ಫಲಕಗಳು ದೊಡ್ಡ ಪ್ರಶ್ನೆಯಾಗುತ್ತವೆ. ಒಂದು ಕಡೆ ಹೋದರೆ ಗೇಲಿ, ಮೈಮೇಲೆ ಬೀಳುವ ಕೈಗಳ ಭಯ. ಇನ್ನೊಂದು ಕಡೆ ಹೋದರೆ ಆಕ್ಷೇಪ, ಕೂಗಾಟ. ದೇಶದ ಸರ್ವೋಚ್ಚ ನ್ಯಾಯಾಲಯ 2014ರಲ್ಲಿಯೇ ತೀರ್ಮಾನಿಸಿದ ವಿಷಯವನ್ನು ಆ ಕ್ಷಣದಲ್ಲಿ ಮರಳಿ ತೀರ್ಮಾನಿಸುವವನು ಮೇಜಿನ ಹಿಂದೆ ಕುಳಿತ ಆ ವ್ಯಕ್ತಿ. ಅವನ ತೀರ್ಪಿನ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ.

ಲಿಂಗತ್ವ ಅಲ್ಪಸಂಖ್ಯಾತರು ಯಾವ ಶೌಚಾಲಯ ಬಳಸಬೇಕು ಎಂಬುದು ಪಶ್ಚಿಮದ ದೇಶಗಳಲ್ಲಿ ಚುನಾವಣೆಯ ವಿಷಯವಾಗಿ ಬೆಳೆದಿದೆ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯವು 2016ರ ಮಾರ್ಚ್‌ನಲ್ಲಿ ಒಂದು ಕಾನೂನು ತಂದು, ಸರ್ಕಾರಿ ಕಟ್ಟಡಗಳಲ್ಲಿ ಮತ್ತು ಶಾಲೆಗಳಲ್ಲಿ ಜನನ ಪ್ರಮಾಣಪತ್ರದಲ್ಲಿ ನಮೂದಾದ ಲಿಂಗಕ್ಕೆ ಅನುಗುಣವಾದ ಶೌಚಾಲಯವನ್ನೇ ಬಳಸಬೇಕೆಂದು ವಿಧಿಸಿತು. ಪ್ರತಿಭಟನೆಗಳಾದವು, ಉದ್ಯಮಗಳು ಹಿಂದೆ ಸರಿದವು, ಬಾಸ್ಕೆಟ್‌ಬಾಲ್ ಲೀಗಿನ ಪ್ರತಿಷ್ಠಿತ ಪಂದ್ಯವೊಂದು ಶಾರ್ಲೆಟ್ ನಗರದ ಕೈತಪ್ಪಿತು. ಮರುವರ್ಷವೇ ರಾಜ್ಯ ಆ ನಿಬಂಧನೆಯನ್ನು ಹಿಂತೆಗೆದುಕೊಂಡಿತು. ಆದರೆ ವಾದ ಅಲ್ಲಿಗೆ ಮುಗಿಯಲಿಲ್ಲ; ಅಂಥದೇ ಕಾನೂನುಗಳನ್ನು ಬೇರೆ ಹಲವು ರಾಜ್ಯಗಳು ತಂದಿವೆ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ, ಅಲ್ಲಿನ ಸಮಾನತಾ ಕಾಯ್ದೆಯಲ್ಲಿ ‘ಮಹಿಳೆ’ ಎಂಬ ಪದಕ್ಕೆ ಜೈವಿಕ ಲಿಂಗವೇ ಆಧಾರ ಎಂದು ತೀರ್ಪಿತ್ತ ಮೇಲೆ ಆ ದೇಶದಲ್ಲಿಯೂ ಚರ್ಚೆ ಕಾವೇರಿತು.

ಭಾರತದ ದಾರಿ ಬೇರೆ. ಇಲ್ಲಿ ಆ ಪ್ರಮಾಣದ ವಾಗ್ವಾದ ನಡೆಯಲಿಲ್ಲ. ಎರಡು ಬಾಗಿಲುಗಳಲ್ಲಿ ಯಾವುದು ಎಂಬ ಕಠಿಣ ಪ್ರಶ್ನೆಗೆ ಉತ್ತರ ಹುಡುಕುವ ಬದಲು ನಾವು ಮೂರನೆಯ ಬಾಗಿಲೊಂದನ್ನು ಸೂಚಿಸಿದೆವು. ಈ ಸುಲಭದ ಉತ್ತರ ಎಷ್ಟು ಜನರನ್ನು ಮುಟ್ಟಿದೆ, ಯಾರನ್ನು ಹೊರಗಿಟ್ಟಿದೆ ಎಂದು ಕೇಳಿಕೊಳ್ಳುವ ಕಾಲ ಈಗ ಬಂದಿದೆ.

2014ರ ಏಪ್ರಿಲ್ 15ರಂದು ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರ ಪೀಠವು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಪ್ರಕರಣದಲ್ಲಿ ನೀಡಿದ ತೀರ್ಪು ಐತಿಹಾಸಿಕವಾದುದು. ತಾನು ಗಂಡು, ಹೆಣ್ಣು ಅಥವಾ ತೃತೀಯ ಲಿಂಗಿ ಎಂದು ಹೇಳಿಕೊಳ್ಳುವ ಹಕ್ಕು ವ್ಯಕ್ತಿಗೇ ಸೇರಿದ್ದು, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಸಲ್ಲದು ಎಂದು ಅದು ಸಾರಿತು. ಅದೇ ತೀರ್ಪಿನ ನಿರ್ದೇಶನಗಳಲ್ಲಿ ಇನ್ನೊಂದು ಮಾತೂ ಇದೆ: ಈ ಸಮುದಾಯಕ್ಕೆ ಆಸ್ಪತ್ರೆಗಳಲ್ಲಿ ವೈದ್ಯಕೀಯ ನೆರವು ಒದಗಿಸಬೇಕು, ಪ್ರತ್ಯೇಕ ಸಾರ್ವಜನಿಕ ಶೌಚಾಲಯಗಳನ್ನು ಕಟ್ಟಿಸಬೇಕು. ಉದ್ದೇಶ ಒಳ್ಳೆಯದೇ. ಆದರೆ ಈ ಎರಡು ಮಾತುಗಳ ನಡುವೆ ಒಂದು ಬಿರುಕಿದೆ. ‘ನಾನು ಹೆಣ್ಣು’ ಎಂದು ಹೇಳಿಕೊಂಡು, ಆ ಗುರುತಿಗೆ ಕಾನೂನಿನ ಮಾನ್ಯತೆ ಪಡೆದವರು ಮಹಿಳೆಯರ ಶೌಚಾಲಯಕ್ಕೆ ಹೋಗಬಹುದೇ, ಪ್ರತ್ಯೇಕ ಶೌಚಾಲಯಕ್ಕೆ ಹೋಗಬೇಕೇ? ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುತ್ತಿರುವವರ ಪಾಡೇನು? ತೀರ್ಪು ಇದನ್ನು ಬಿಡಿಸಿ ಹೇಳಲಿಲ್ಲ.

ಸರ್ಕಾರಗಳೂ ಒಂದೇ ದನಿಯಲ್ಲಿ ಮಾತನಾಡಿಲ್ಲ. 2017ರ ಏಪ್ರಿಲ್‌ನಲ್ಲಿ ಸ್ವಚ್ಛ ಭಾರತ ಅಭಿಯಾನದ ಅಂಗವಾಗಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ, ತೃತೀಯ ಲಿಂಗಿಗಳು ಸಾರ್ವಜನಿಕ ಮತ್ತು ಸಮುದಾಯ ಶೌಚಾಲಯಗಳಲ್ಲಿ ಗಂಡಸರ ಅಥವಾ ಹೆಂಗಸರ ವಿಭಾಗವನ್ನು ತಮ್ಮ ಆಯ್ಕೆಯಂತೆ ಬಳಸಲು ಬಿಡಬೇಕೆಂದು ಹೇಳಿತು. 2019ರಲ್ಲಿ ಸಂಸತ್ತು ಅಂಗೀಕರಿಸಿ, 2020ರ ಜನವರಿಯಲ್ಲಿ ಜಾರಿಗೆ ಬಂದ ಹಕ್ಕುಗಳ ರಕ್ಷಣಾ ಕಾಯ್ದೆಯು ಇತರರಿಗೆ ಮುಕ್ತವಾದ ಸಾರ್ವಜನಿಕ ಸ್ಥಳವನ್ನು ಈ ಸಮುದಾಯದವರಿಗೆ ನಿರಾಕರಿಸುವುದನ್ನು ಆರು ತಿಂಗಳಿಂದ ಎರಡು ವರ್ಷಗಳವರೆಗೆ ಶಿಕ್ಷೆ ವಿಧಿಸಬಹುದಾದ ಅಪರಾಧವೆಂದು ಪರಿಗಣಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ ನಿಯಮಗಳು ಎರಡು ವರ್ಷಗಳೊಳಗೆ ಆಸ್ಪತ್ರೆಗಳಲ್ಲಿ ಪ್ರತ್ಯೇಕ ವಾರ್ಡು, ಸಂಸ್ಥೆಗಳಲ್ಲಿ ಶೌಚಗೃಹ ಮುಂತಾದ ಸೌಕರ್ಯಗಳನ್ನು ಕಲ್ಪಿಸಬೇಕೆಂದು ಗಡುವು ವಿಧಿಸಿದವು. ಆ ಗಡುವು 2022ರಲ್ಲಿಯೇ ಮುಗಿಯಿತು.

ಗಡುವು ಹೇಗೆ ಪಾಲನೆಯಾಯಿತೆಂಬುದಕ್ಕೆ ರಾಜಧಾನಿ ದೆಹಲಿಯೇ ಉದಾಹರಣೆ. ಅಲ್ಲಿನ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದು ವಿಚಾರಣೆಗೆ ಬಂದಾಗ, ಅಂಗವಿಕಲರಿಗೆಂದು ಕಟ್ಟಿದ 505 ಶೌಚಾಲಯಗಳನ್ನು ತೃತೀಯ ಲಿಂಗಿಗಳ ಬಳಕೆಗೂ ಗೊತ್ತುಪಡಿಸಲಾಗಿದೆ ಎಂದು 2022ರಲ್ಲಿ ಸರ್ಕಾರ ತಿಳಿಸಿತು. ಹೊಸದಾಗಿ ಕಟ್ಟುವ ಕೆಲಸ ಆಮೆನಡಿಗೆಯಲ್ಲಿ ಸಾಗಿದ್ದರಿಂದ 2023ರ ಮಾರ್ಚ್‌ನಲ್ಲಿ ನ್ಯಾಯಾಲಯ ಎಂಟು ವಾರಗಳ ಕಾಲಾವಕಾಶ ನೀಡಬೇಕಾಯಿತು. ಒಂದು ಬಾಗಿಲಿಗೆ ಎರಡು ಫಲಕ ಹಚ್ಚಿದರೆ ಹೊಸ ಸೌಕರ್ಯ ಹುಟ್ಟುವುದಿಲ್ಲ. ಗಾಲಿಕುರ್ಚಿಯಲ್ಲಿ ಬಂದವರು ಮತ್ತು ಈ ಸಮುದಾಯದವರು, ಸಮಾಜ ಬದಿಗೆ ಸರಿಸಿದ ಎರಡು ಗುಂಪುಗಳು, ಇರುವ ಒಂದೇ ಕೊಠಡಿಗಾಗಿ ಸಾಲಿನಲ್ಲಿ ನಿಲ್ಲುವಂತಾಗುತ್ತದೆ ಅಷ್ಟೆ. ಆ ಕೊಠಡಿಗಳಲ್ಲಿ ಎಷ್ಟೋ ಕಡೆ ಪೊರಕೆ, ಬಕೆಟ್ಟುಗಳನ್ನು ಪೇರಿಸಿ ಬೀಗ ಹಾಕಿರುತ್ತಾರೆಂಬುದು ಸರ್ಕಾರಿ ಕಚೇರಿಗಳಿಗೆ ಓಡಾಡಿದವರಿಗೆಲ್ಲ ಗೊತ್ತಿದೆ.

2025ರ ಜನವರಿ 15ರಂದು ಸುಪ್ರೀಂ ಕೋರ್ಟ್ ಮತ್ತೊಂದು ಮಹತ್ವದ ತೀರ್ಪು ನೀಡಿತು. ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠವು ಶೌಚಾಲಯದ ಲಭ್ಯತೆಯನ್ನು ಸಂವಿಧಾನದ 21ನೇ ವಿಧಿಯಡಿ ಬರುವ ಘನತೆಯ ಬದುಕಿನ ಹಕ್ಕಿನ ಭಾಗವೆಂದು ಗುರುತಿಸಿ, ದೇಶದ ಎಲ್ಲ ನ್ಯಾಯಾಲಯಗಳ ಆವರಣಗಳಲ್ಲಿ ಪುರುಷರು, ಮಹಿಳೆಯರು, ಅಂಗವಿಕಲರು ಮತ್ತು ಲಿಂಗತ್ವ ಅಲ್ಪಸಂಖ್ಯಾತರಿಗೆ ಪ್ರತ್ಯೇಕ ಶೌಚಾಲಯಗಳಿರಬೇಕೆಂದು ಆದೇಶಿಸಿತು. ಕಟ್ಟಡದ ಅಂಕಿ-ಅಂಶಗಳ ನಡುವೆ ಕಳೆದುಹೋಗಿದ್ದ ವಿಷಯವನ್ನು ಮೂಲಭೂತ ಹಕ್ಕಿನ ಎತ್ತರಕ್ಕೆ ಏರಿಸಿದ್ದು ಈ ತೀರ್ಪಿನ ಸಾಧನೆ. ಆದರೂ ಉತ್ತರ ಮಾತ್ರ ಮೂರನೆಯ ಬಾಗಿಲೇ.

ಪ್ರತ್ಯೇಕ ಬಾಗಿಲನ್ನು ಬಯಸುವವರು ಸಮುದಾಯದಲ್ಲಿಯೇ ಇದ್ದಾರೆ. ಹಿಜ್ರಾ ಪರಂಪರೆಗೆ ಸೇರಿದ ಹಲವರಿಗೆ ತಮ್ಮ ಗುರುತು ಮೂರನೆಯದೇ. ಯಾರ ಗೊಡವೆಯೂ ಇಲ್ಲದ ಜಾಗ ಅವರಿಗೆ ನೆಮ್ಮದಿ ಕೊಡಬಹುದು. ಆದರೆ ಕಚೇರಿಯಲ್ಲಿಯೋ ಕಾಲೇಜಿನಲ್ಲಿಯೋ ಹೆಣ್ಣಾಗಿ ಅಥವಾ ಗಂಡಾಗಿ ಗುರುತಿಸಿಕೊಂಡು ಸದ್ದಿಲ್ಲದೆ ಬಾಳುತ್ತಿರುವವರಿಗೆ ಆ ಬಾಗಿಲು ಹಣೆಪಟ್ಟಿಯಾಗುತ್ತದೆ. ಅದರೊಳಗೆ ಕಾಲಿಟ್ಟರೆ, ಬಚ್ಚಿಟ್ಟುಕೊಳ್ಳುವ ಹಕ್ಕಿರುವ ಖಾಸಗಿ ಸಂಗತಿಯನ್ನು ಹತ್ತು ಜನರೆದುರು ಡಂಗುರ ಸಾರಿದಂತೆ. 2011ರ ಜನಗಣತಿಯ ಪ್ರಕಾರ ಲಿಂಗದ ಅಂಕಣದಲ್ಲಿ ‘ಇತರೆ’ ಎಂದು ದಾಖಲಾದವರು ದೇಶದಲ್ಲಿ ಸುಮಾರು 4.88 ಲಕ್ಷ, ಕರ್ನಾಟಕದಲ್ಲಿ 20 ಸಾವಿರಕ್ಕೂ ಸ್ವಲ್ಪ ಹೆಚ್ಚು. ಹಳ್ಳಿ-ಪಟ್ಟಣಗಳಲ್ಲಿ ಚದುರಿಹೋದ ಇಷ್ಟು ಜನರಿಗಾಗಿ ಪ್ರತಿ ನಿಲ್ದಾಣ, ಆಸ್ಪತ್ರೆ, ಸಂತೆಮಾಳದಲ್ಲಿ ಪ್ರತ್ಯೇಕ ಕಟ್ಟಡ ಏಳುತ್ತದೆಂದು ನಂಬುವುದು ಕಷ್ಟ. ಅದು ಏಳುವವರೆಗೆ ಅವರು ಎಲ್ಲಿಗೆ ಹೋಗಬೇಕು? ನೀರು ಕುಡಿಯದೆ, ತಡೆದುಕೊಂಡು ದಿನ ದೂಡಬೇಕೆ? ಇದರಿಂದ ಬರುವ ಮೂತ್ರನಾಳದ ಸೋಂಕಿನ ನೋವನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ವಿವರಿಸಬೇಕಾಗಿಲ್ಲ.

ಇಲ್ಲಿಯೇ ಮಹಿಳೆಯರ ಆತಂಕದ ಪ್ರಶ್ನೆಯೂ ಬರುತ್ತದೆ. ಅದನ್ನು ಪೂರ್ವಗ್ರಹವೆಂದು ತಳ್ಳಿಹಾಕುವುದು ಸರಿಯಲ್ಲ. ಚಿಲಕವಿಲ್ಲದ ಬಾಗಿಲು, ಕಿಂಡಿಯಿರುವ ಗೋಡೆ, ಕತ್ತಲೆಯ ಓಣಿ ಇವುಗಳ ನಡುವೆ ಬೆಳೆದ ಹೆಣ್ಣಿಗೆ ತನ್ನದೆಂಬ ಜಾಗ ಇನ್ನಷ್ಟು ಕಿರಿದಾದೀತೆಂಬ ಭಯ ಸಹಜ. ಆದರೆ ಆ ಭಯದ ಮೂಲ ಎಲ್ಲಿದೆಯೆಂದು ನೋಡಬೇಕು. ಕೇಡು ಬಗೆಯುವ ಗಂಡಸಿಗೆ ಸೀರೆಯ ಮರೆ ಬೇಕಾಗಿಲ್ಲ; ಮುರಿದ ಚಿಲಕವೇ ಸಾಕು. ಮರೆಯಿಂದ ಇಣುಕಿ ನೋಡುವುದು, ಚಿತ್ರ ತೆಗೆಯುವುದು 2013ರಿಂದಲೂ ಪ್ರತ್ಯೇಕ ಅಪರಾಧ. ಈಗ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಬರುತ್ತದೆ. ಅದನ್ನು ಯಾರು ಮಾಡಿದರೂ ಶಿಕ್ಷೆಯಾಗಬೇಕು. ಬಲವಂತವಾಗಿ ಗಂಡಸರ ವಿಭಾಗಕ್ಕೆ ಅಟ್ಟಲ್ಪಟ್ಟ ಲಿಂಗ ಪರಿವರ್ತಿತ ಮಹಿಳೆಯ ಭಯವೂ ಇದೇ ಬಗೆಯದು ಎಂಬುದನ್ನು ನಾವು ಮರೆಯುತ್ತೇವೆ. ಇಬ್ಬರೂ ಹೆದರುವುದು ಒಂದೇ ಕೈಗೆ.

ಶಾಲೆಗಳ ವಿಷಯ ಇನ್ನೂ ಸೂಕ್ಷ್ಮ. 2021ರಲ್ಲಿ ಎನ್‌ಸಿಇಆರ್‌ಟಿ ಸಂಸ್ಥೆಯು ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳನ್ನು ಶಾಲೆಯಲ್ಲಿ ಒಳಗೊಳ್ಳುವ ಬಗೆಯ ಕುರಿತು ಶಿಕ್ಷಕರಿಗೊಂದು ಕೈಪಿಡಿ ಸಿದ್ಧಪಡಿಸಿತು. ಲಿಂಗಭೇದವಿಲ್ಲದ ಶೌಚಾಲಯಗಳ ಸಲಹೆಯೂ ಅದರಲ್ಲಿತ್ತು. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಆಕ್ಷೇಪವೆತ್ತಿತು; ಕೆಲವೇ ದಿನಗಳಲ್ಲಿ ಕೈಪಿಡಿ ಜಾಲತಾಣದಿಂದ ಮರೆಯಾಯಿತು. ಕೈಪಿಡಿಯ ಸಲಹೆಗಳೆಲ್ಲ ಸರಿಯಿದ್ದವೆಂದು ಯಾರೂ ಹೇಳಬೇಕಾಗಿಲ್ಲ. ಆದರೆ ಚರ್ಚೆಯಾಗಬೇಕಾದ ವಿಷಯ ಚರ್ಚೆಗೆ ಮೊದಲೇ ಮುಚ್ಚಿಹೋಯಿತು. ಅದೇ ಜನಗಣತಿಯಲ್ಲಿ ಈ ಸಮುದಾಯದ ಸಾಕ್ಷರತೆ ಶೇ 56ರಷ್ಟಿತ್ತು. ದೇಶದ ಒಟ್ಟು ಸರಾಸರಿ ಶೇ 74. ಶಾಲೆ ಬಿಡಿಸುವ ಕಾರಣಗಳು ಹಲವು. ವಿರಾಮದ ಗಂಟೆ ಬಾರಿಸಿದಾಗ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮೂಲೆಯಲ್ಲಿ ನಿಲ್ಲುವ ಮಗುವಿನ ಸಂಕಟವೂ ಅವುಗಳಲ್ಲಿ ಒಂದೆಂದು ಊಹಿಸಲು ದೊಡ್ಡ ಅಧ್ಯಯನವೇನೂ ಬೇಕಿಲ್ಲ.

ಕರ್ನಾಟಕಕ್ಕೆ ಈ ಪ್ರಶ್ನೆ ತೀರ ಹತ್ತಿರದ್ದು. ವಸಾಹತು ಕಾಲದ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ನೆರಳಿನಂತಿದ್ದ 36-ಎ ಕಲಮನ್ನು 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿಸಿ, ಹಿಜ್ರಾ ಸಮುದಾಯದವರ ಹೆಸರು-ವಿಳಾಸ ದಾಖಲಿಸಲು ಪೊಲೀಸರಿಗೆ ಅಧಿಕಾರ ಕೊಟ್ಟದ್ದು ಈ ನಾಡೇ. ಹೋರಾಟದ ನಂತರ 2016ರಲ್ಲಿ ಅದು ತಿದ್ದುಪಡಿಯಾಯಿತು. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ 1ರಷ್ಟು ಮೀಸಲಾತಿ ನೀಡಿ ದೇಶಕ್ಕೆ ಮೇಲ್ಪಂಕ್ತಿ ಹಾಕಿದ್ದೂ ಇದೇ ನಾಡು. ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ ಮಂಜಮ್ಮ ಜೋಗತಿ ಅವರು ಆ ವರ್ಷವೇ ಪದ್ಮಶ್ರೀ ಸ್ವೀಕರಿಸಿದಾಗ ನಾವೆಲ್ಲ ಹೆಮ್ಮೆಪಟ್ಟೆವು. 2022ರ ಶಿಕ್ಷಕರ ನೇಮಕಾತಿಯಲ್ಲಿ ಈ ಸಮುದಾಯದ ಮೂವರು ಆಯ್ಕೆಯಾದರು. ಅಂಥ ಶಿಕ್ಷಕರು ಸೇರುವ ಶಾಲೆಯಲ್ಲಿ ಅವರಿಗೆ ಶೌಚಾಲಯ ಯಾವುದು? ಕೆಲಸ ಕೊಟ್ಟ ಸರ್ಕಾರವೇ ಇದಕ್ಕೂ ಉತ್ತರಿಸಬೇಕು. ಹುದ್ದೆಯ ಆದೇಶಪತ್ರ ಕೈಗಿತ್ತು, ಸಂಜೆಯವರೆಗೆ ತಡೆದುಕೊಳ್ಳಿ ಎನ್ನುವುದು ಮೀಸಲಾತಿಯ ಆಶಯಕ್ಕೆ ಮಾಡುವ ಅಣಕ.

ಪರಿಹಾರ ನಮಗೆ ಅಪರಿಚಿತವೇನಲ್ಲ. ರೈಲಿನ ಬೋಗಿಯನ್ನೇ ನೋಡಿ. ಸಾಮಾನ್ಯ ಬೋಗಿಗಳ ತುದಿಯಲ್ಲಿರುವ ಶೌಚಾಲಯಗಳನ್ನು ಗಂಡಸರು, ಹೆಂಗಸರು, ಮಂಗಳಮುಖಿಯರು ಎಲ್ಲರೂ ಬಳಸುತ್ತಾರೆ. ಒಬ್ಬರಿಗೆ ಒಂದು ಕೊಠಡಿ, ಪೂರ್ತಿ ಗೋಡೆ, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಅಲ್ಲಿ ಕೊಳಕಿನ ಬಗ್ಗೆ ದೂರುಗಳಿವೆ. ಒಳಗಿದ್ದವರ ಲಿಂಗದ ಬಗ್ಗೆ ಯಾರೂ ತಕರಾರು ತೆಗೆಯುವುದಿಲ್ಲ. ನಮ್ಮ ಮನೆಗಳಲ್ಲಿ ಇರುವ ವ್ಯವಸ್ಥೆಯೂ ಇದೇ. 2023ರಲ್ಲಿ ಸುಪ್ರೀಂ ಕೋರ್ಟು ತನ್ನ ಆವರಣದಲ್ಲಿಯೇ ಲಿಂಗಭೇದವಿಲ್ಲದ ಒಂಬತ್ತು ಶೌಚಗೃಹಗಳಿಗೆ ಅನುಮತಿ ನೀಡಿದ್ದೂ ಇದೇ ಜಾಡಿನಲ್ಲಿ. ಬೆಂಗಳೂರಿನ ಬೀದಿಗಳಲ್ಲಿ ನಾಣ್ಯ ಹಾಕಿದರೆ ತೆರೆಯುವ ಇ-ಟಾಯ್ಲೆಟ್‌ಗಳೂ ಒಬ್ಬರಿಗೊಂದು ಕೊಠಡಿಯ ಮಾದರಿಯವೇ ಆಗಿದ್ದವು. ಅವುಗಳಲ್ಲಿ ಬಹಳಷ್ಟು ಕೆಟ್ಟು ನಿಂತದ್ದು ನಿರ್ವಹಣೆಯ ಸೋಲೇ ಹೊರತು ವಿನ್ಯಾಸದ ದೋಷವಲ್ಲ.

ಆದ್ದರಿಂದ ಮೂರು ಕೆಲಸಗಳು ತುರ್ತಾಗಿ ಆಗಬೇಕು. ಹೊಸದಾಗಿ ಕಟ್ಟುವ ಪ್ರತಿ ಸಾರ್ವಜನಿಕ ಶೌಚಾಲಯದಲ್ಲಿ, ಮಹಿಳೆಯರಿಗೆ ಮೀಸಲಾದ ವಿಭಾಗವನ್ನು ಒಂದಿಷ್ಟೂ ಕಡಿತಗೊಳಿಸದೆ, ಒಬ್ಬೊಬ್ಬರೇ ಬಳಸುವ ಕೆಲವು ಕೊಠಡಿಗಳನ್ನು ಸೇರಿಸಬೇಕು. ಅವುಗಳ ಮೇಲೆ ಯಾವ ಸಮುದಾಯದ ಹೆಸರೂ ಬೇಡ. ಮಗುವನ್ನು ಕರೆತಂದ ತಂದೆಗೂ, ವೃದ್ಧ ತಾಯಿಯ ಕೈಹಿಡಿದು ಬಂದ ಮಗನಿಗೂ ಅವು ಬೇಕು. ಎರಡನೆಯದಾಗಿ, ಅಂಥ ಕೊಠಡಿ ಇಲ್ಲದ ಕಡೆ ವ್ಯಕ್ತಿ ತನ್ನ ಆಯ್ಕೆಯ ವಿಭಾಗವನ್ನು ಬಳಸಬಹುದೆಂಬ 2017ರ ಮಾರ್ಗಸೂಚಿಯನ್ನು ಸ್ಥಳೀಯ ಸಂಸ್ಥೆಗಳು ತಮ್ಮ ಗುತ್ತಿಗೆಯ ಷರತ್ತಿನಲ್ಲಿಯೇ ಬರೆಯಬೇಕು. ಮೂರನೆಯದಾಗಿ, ಮೇಜಿನ ಹಿಂದೆ ಕುಳಿತ ಆ ವ್ಯಕ್ತಿಗೆ ತಿಳಿವಳಿಕೆ ಕೊಡಬೇಕು. ಅವನ ತಲೆಯ ಮೇಲಿನ ದರಪಟ್ಟಿಯ ಪಕ್ಕದಲ್ಲಿ ಯಾರನ್ನೂ ಹಿಂದಕ್ಕೆ ಕಳಿಸುವಂತಿಲ್ಲವೆಂಬ ಒಂದು ಸಾಲು ಕನ್ನಡದಲ್ಲಿ ಇರಬೇಕು.

ಇಷ್ಟಾದ ಮೇಲೂ ಭಿನ್ನಾಭಿಪ್ರಾಯ ಉಳಿಯುತ್ತದೆ, ಉಳಿಯಲಿ. ಮಹಿಳಾ ಸಂಘಟನೆಗಳು ಮತ್ತು ಲಿಂಗತ್ವ ಅಲ್ಪಸಂಖ್ಯಾತರ ಸಂಘಟನೆಗಳು ಪಾಲಿಕೆಯ ಎಂಜಿನಿಯರುಗಳ ಎದುರು ಒಟ್ಟಿಗೆ ಕುಳಿತು ನಕ್ಷೆ ನೋಡಿದರೆ ಆ ಭಿನ್ನತೆ ಬಹುಮಟ್ಟಿಗೆ ತಗ್ಗುತ್ತದೆ. ಚಿಲಕ, ದೀಪ, ನೀರು, ಭರವಸೆಯ ಕಾವಲು: ಎರಡೂ ಕಡೆಯವರ ಬೇಡಿಕೆಯ ಪಟ್ಟಿ ಒಂದೇ. ವೇದಿಕೆಯ ಮೇಲೆ ಜೋಗತಿಗೆ ಕೈಮುಗಿಯುವ ಸಮಾಜ, ಅದೇ ಊರಿನ ಬಸ್ ನಿಲ್ದಾಣದಲ್ಲಿ ಅವರು ಐದು ನಿಮಿಷ ನಿಶ್ಚಿಂತೆಯಿಂದ ಒಳಗಿದ್ದು ಬರಲು ಬಿಡುತ್ತದೆಯೇ ಎಂಬುದರಲ್ಲಿ ಅದರ ಗೌರವದ ನಿಜವಾದ ಅಳತೆ ಇದೆ.