ಕಟ್ಟಡಕ್ಕೆ ಹಣವುಂಟು, ನಡೆಸಲು ಲೆಕ್ಕವಿಲ್ಲ

ಕನ್ನಡ ನಾಡಿನ ಬಸದಿಗಳ ದಾನಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಬಸದಿಯನ್ನು ಕಟ್ಟಿಸಿದವರ ಹೆಸರು ಮತ್ತು ಗುರುಪರಂಪರೆಯ ಜೊತೆಗೆ, ದಾನವಾಗಿ ಬಿಟ್ಟ ಭೂಮಿಯ ಅಳತೆ, ಅದರ ಎಲ್ಲೆಕಟ್ಟು, ಅದರ ಉತ್ಪತ್ತಿ ಯಾವ ಕಾರ್ಯಕ್ಕೆ ಸಲ್ಲಬೇಕೆಂಬ ವಿವರ ಅಲ್ಲಿರುತ್ತದೆ. ಅಷ್ಟವಿಧಾರ್ಚನೆಗೆ, ಋಷಿಸಮುದಾಯದ ಆಹಾರದಾನಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಎಂದು ಉದ್ದೇಶಗಳನ್ನು ಕಲ್ಲಿನ ಮೇಲೆ ಬರೆಸಲಾಗಿದೆ. ಕಟ್ಟುವುದು ಒಂದು ಸಲದ ಕೆಲಸ, ನಡೆಸುವುದು ನಿತ್ಯದ ಕೆಲಸ ಎಂಬುದನ್ನು ಆ ದಾನಿಗಳು ಚೆನ್ನಾಗಿ ಬಲ್ಲವರಾಗಿದ್ದರು. ಸಾವಿರ ವರ್ಷಗಳ ಹಿಂದಿನ ಈ ವಿವೇಕವು ಇಂದಿನ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಕಾಣುತ್ತಿಲ್ಲ.

ಭಾರತದಲ್ಲಿ ದೂರಾಲೋಚನೆಯ ಯೋಜನೆಗಳಿಗೆ ಎಂದೂ ಕೊರತೆಯಾಗಿಲ್ಲ. 1943ರಲ್ಲಿ ನೇಮಕಗೊಂಡ ಸರ್ ಜೋಸೆಫ್ ಭೋರ್ ಸಮಿತಿಯು 1946ರಲ್ಲಿ ತನ್ನ ವರದಿಯನ್ನು ಸಲ್ಲಿಸಿತು. ಹಣ ಕೊಡಲಾರದವರೆಂಬ ಕಾರಣಕ್ಕೆ ಯಾರೊಬ್ಬರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂಬುದು ಅದರ ಮೂಲ ತತ್ತ್ವ. ಹತ್ತು ವರ್ಷಗಳ ಅಲ್ಪಾವಧಿ ಯೋಜನೆಯನ್ನೂ, ಅದಕ್ಕಿಂತ ದೀರ್ಘವಾದ ಇನ್ನೊಂದು ಯೋಜನೆಯನ್ನೂ ಅದು ಮುಂದಿಟ್ಟಿತು. ಅದೇ ವರ್ಷ ಬ್ರಿಟನ್ನಿನ ಸಂಸತ್ತು ರಾಷ್ಟ್ರೀಯ ಆರೋಗ್ಯ ಸೇವೆಯ ಕಾಯಿದೆಯನ್ನು ಅಂಗೀಕರಿಸಿ, 1948ರ ಜುಲೈ 5ರಂದು ಸೇವೆಯನ್ನು ಆರಂಭಿಸಿತು. ಇಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರವೆಂಬ ಕಲ್ಪನೆ ಉಳಿಯಿತು. ಅದನ್ನು ಪೂರ್ಣಗೊಳಿಸುವ ಹಣ ಬರಲಿಲ್ಲ.

ಆ ಬಳಿಕ ಗುರಿಗಳ ಸಾಲೇ ಬಂದಿತು. ಸರ್ಕಾರದ ಆರೋಗ್ಯ ವೆಚ್ಚವು ರಾಷ್ಟ್ರೀಯ ಉತ್ಪನ್ನದ ಶೇ. 2ಕ್ಕೆ 2010ರೊಳಗೆ ಏರಬೇಕೆಂದು 2002ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತು. 2011ರಲ್ಲಿ ಯೋಜನಾ ಆಯೋಗದ ಉನ್ನತ ಮಟ್ಟದ ತಜ್ಞರ ಸಮಿತಿಯು 2017ಕ್ಕೆ ಶೇ. 2.5, 2022ಕ್ಕೆ ಶೇ. 3 ಎಂದಿತು. 2017ರ ನೀತಿಯು ಶೇ. 2.5ರ ಗುರಿಯನ್ನು 2025ಕ್ಕೆ ಮುಂದೂಡಿತು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ 2021-22ರಲ್ಲಿ, ಅಂದರೆ ಕೋವಿಡ್‌ಗಾಗಿ ಬೊಕ್ಕಸವನ್ನು ತೆರೆದಿದ್ದ ಕಾಲದಲ್ಲಿ, ಈ ವೆಚ್ಚ ಶೇ. 1.84 ಮಾತ್ರ. ಗುರಿ ತಪ್ಪಿದ್ದೇಕೆಂದು ಸರ್ಕಾರಗಳು ವಿವರಿಸಲಿಲ್ಲ, ಮತದಾರರೂ ಕೇಳಲಿಲ್ಲ.

ಶೇಕಡಾವಾರು ಅಂಕೆಯಲ್ಲಿ ಈ ಅಂತರ ಚಿಕ್ಕದಾಗಿ ಕಾಣುತ್ತದೆ. ರೂಪಾಯಿಯಲ್ಲಿ ಬರೆದಾಗ ಅದರ ಗಾತ್ರ ತಿಳಿಯುತ್ತದೆ. 2024-25ರ ರಾಷ್ಟ್ರೀಯ ಉತ್ಪನ್ನ ಸುಮಾರು 330 ಲಕ್ಷ ಕೋಟಿ ರೂಪಾಯಿ. ಅದರ ಶೇ. 2.5 ಎಂದರೆ ಸುಮಾರು 8.25 ಲಕ್ಷ ಕೋಟಿ. ಶೇ. 1.84ರ ಪ್ರಮಾಣವೇ ಮುಂದುವರಿದಿದೆಯೆಂದು ಭಾವಿಸಿದರೆ ಸಲ್ಲುವ ಮೊತ್ತ ಸುಮಾರು 6 ಲಕ್ಷ ಕೋಟಿ. ಉಳಿದ 2.2 ಲಕ್ಷ ಕೋಟಿಯನ್ನು ಪ್ರತಿ ವರ್ಷವೂ ಹೊಂದಿಸಬೇಕು. ಕೇಂದ್ರ ಆರೋಗ್ಯ ಸಚಿವಾಲಯದ 2025-26ರ ಒಟ್ಟು ಅನುದಾನವೇ ಸುಮಾರು 1 ಲಕ್ಷ ಕೋಟಿ. ಕೊರತೆಯು ಆ ಅನುದಾನದ ಎರಡು ಪಟ್ಟಿಗೂ ಮಿಗಿಲಾದುದು.

ಇದನ್ನು ತುಂಬುವವರು ಯಾರು? ಸಂವಿಧಾನದ ಪ್ರಕಾರ ಸಾರ್ವಜನಿಕ ಆರೋಗ್ಯ ರಾಜ್ಯಗಳ ವಿಷಯ. ರಾಜ್ಯಗಳು ತಮ್ಮ ಆಯವ್ಯಯದ ಶೇ. 8ಕ್ಕಿಂತ ಹೆಚ್ಚನ್ನು ಆರೋಗ್ಯಕ್ಕೆ ಮೀಸಲಿಡಬೇಕೆಂದು 2017ರ ನೀತಿ ಬಯಸಿತು. ಆದರೆ ಯಾವ ವರ್ಷ ಎಷ್ಟು ಏರಿಕೆ, ಅದರಲ್ಲಿ ಕೇಂದ್ರದ ಪಾಲೆಷ್ಟು, ರಾಜ್ಯದ ಪಾಲೆಷ್ಟು, ಯಾವ ತೆರಿಗೆಯಿಂದ ಆ ಹಣ ಬರುತ್ತದೆ ಎಂಬುದಕ್ಕೆ ಇಬ್ಬರನ್ನೂ ಕಟ್ಟಿಹಾಕುವ ವೇಳಾಪಟ್ಟಿಯಿರಲಿಲ್ಲ. ಶ್ರಾವಕನ ವ್ರತಗಳಲ್ಲಿ ಒಂದು ಪರಿಗ್ರಹ ಪರಿಮಾಣ. ಇಷ್ಟೇ ಭೂಮಿ, ಇಷ್ಟೇ ಹೊನ್ನು ಎಂದು ಅಳತೆ ಹೇಳಿಕೊಂಡಾಗಲೇ ಅದು ವ್ರತವಾಗುತ್ತದೆ. ಪರಿಮಾಣವಿಲ್ಲದ ಸಂಕಲ್ಪವನ್ನು ಮುರಿದರೂ ಮುರಿದದ್ದು ತಿಳಿಯುವುದಿಲ್ಲ.

ಸುಧಾರಣೆಯ ವೆಚ್ಚವೆಂದರೆ ಕಟ್ಟಡದ ಬೆಲೆಯಷ್ಟೇ ಎಂಬ ಭ್ರಮೆ ನಮ್ಮಲ್ಲಿ ಬಲವಾಗಿದೆ. ಆಸ್ಪತ್ರೆಯ ಕಟ್ಟಡವನ್ನು ಎರಡು ಮೂರು ವರ್ಷಗಳಲ್ಲಿ ಎಬ್ಬಿಸಬಹುದು. ಅದರೊಳಗೆ ಕುಳಿತುಕೊಳ್ಳಬೇಕಾದ ತಜ್ಞ ವೈದ್ಯ ಸಿದ್ಧವಾಗಲು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷಗಳ ಎಂಬಿಬಿಎಸ್, ಅದರ ಮೇಲೆ ಮೂರು ವರ್ಷಗಳ ಸ್ನಾತಕೋತ್ತರ ಶಿಕ್ಷಣ ಬೇಕು. ಆತನ ಸಂಬಳವಂತೂ ಮೂವತ್ತು ವರ್ಷಗಳ ಬಾಧ್ಯತೆ. ಈ ಲೆಕ್ಕವನ್ನು ಬಿಟ್ಟು ಕಟ್ಟಿದುದರ ಫಲವನ್ನು ಕೇಂದ್ರ ಸರ್ಕಾರದ ಅಂಕಿಅಂಶಗಳೇ ಹೇಳುತ್ತವೆ: 2022ರ ಮಾರ್ಚ್ ಅಂತ್ಯಕ್ಕೆ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಇರಬೇಕಾದ ತಜ್ಞ ವೈದ್ಯರ ಪೈಕಿ ಸುಮಾರು ಶೇ. 80ರಷ್ಟು ಕೊರತೆಯಿತ್ತು. ಇನ್ನು ಮನೆಮನೆಗೆ ನಡೆದು ಬಾಣಂತಿಯರನ್ನೂ ಕೂಸುಗಳನ್ನೂ ನೋಡಿಕೊಳ್ಳುವ ಸುಮಾರು 10 ಲಕ್ಷ ಆಶಾ ಕಾರ್ಯಕರ್ತೆಯರನ್ನು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗೌರವಿಸಿತು. ಸರ್ಕಾರದ ಕಡತದಲ್ಲಿ ಅವರು ಇಂದಿಗೂ ಸ್ವಯಂಸೇವಕಿಯರು, ಅವರಿಗೆ ಸಿಗುವುದು ಪ್ರೋತ್ಸಾಹಧನ. ದುಡಿಮೆಯನ್ನು ಸೇವೆಯೆಂದು ಕರೆದು ಕೂಲಿಯನ್ನು ಲೆಕ್ಕದಿಂದ ಹೊರಗಿಟ್ಟರೆ ಯೋಜನೆ ಅಗ್ಗವಾಗಿ ಕಾಣುತ್ತದೆ. ಈ ಅಗ್ಗತನದ ಭಾರವನ್ನು ಹೊರುವವರು ಬಡ ಹೆಣ್ಣುಮಕ್ಕಳು.

ಲೆಕ್ಕ ಹಾಕುವುದು ಅಸಾಧ್ಯವೇನಲ್ಲ. ಬ್ರಿಟನ್ನಿನ ಹಣಕಾಸು ಖಾತೆಯು 2001ರಲ್ಲಿ ಡೆರೆಕ್ ವಾನ್‌ಲೆಸ್ ಎಂಬ ಬ್ಯಾಂಕಿನ ಮಾಜಿ ಮುಖ್ಯಸ್ಥರಿಗೆ ಇಪ್ಪತ್ತು ವರ್ಷಗಳ ಮುಂದಿನ ಆರೋಗ್ಯ ವೆಚ್ಚವನ್ನು ಅಂದಾಜು ಮಾಡಲು ಹೇಳಿತು. 2002ರಲ್ಲಿ ಅವರು ಕೊಟ್ಟ ಉತ್ತರ ಒಂದಲ್ಲ, ಮೂರು. ಜನರು ತಮ್ಮ ಆರೋಗ್ಯದ ಬಗ್ಗೆ ಪೂರ್ಣ ಎಚ್ಚರ ವಹಿಸಿ, ಸೇವೆಯೂ ದಕ್ಷವಾಗಿ ನಡೆದರೆ 2022-23ಕ್ಕೆ ವರ್ಷಕ್ಕೆ 15,400 ಕೋಟಿ ಪೌಂಡ್ ಸಾಕು. ಎಲ್ಲವೂ ನಿಧಾನವಾಗಿ ಸಾಗಿದರೆ 18,400 ಕೋಟಿ ಪೌಂಡ್ ಬೇಕು. ನಡುವಣ ದಾರಿಯೊಂದು ಇವೆರಡರ ಮಧ್ಯೆ. ರೋಗ ಬಾರದಂತೆ ತಡೆಯುವುದರ ಬೆಲೆಯನ್ನು ಅವರು ಹೀಗೆ ಅಂಕೆಯಲ್ಲಿ ತೋರಿಸಿಕೊಟ್ಟರು. 2015ರ ನಂತರ ಅಲ್ಲಿಯ ಸರ್ಕಾರವೇ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳಿಗೆ ಕೊಡುತ್ತಿದ್ದ ಸಾರ್ವಜನಿಕ ಆರೋಗ್ಯ ಅನುದಾನವನ್ನು ಕಡಿತಗೊಳಿಸಿತೆಂಬುದೂ ನಿಜ. ಆದರೆ ಅಂದಾಜು ಕಣ್ಣೆದುರಿಗಿದ್ದುದರಿಂದ ಆ ತಪ್ಪನ್ನು ತಪ್ಪೆಂದು ತೋರಿಸಲು ಸಾಧ್ಯವಾಯಿತು.

ವಿಮೆಯಿರುವಾಗ ಇಷ್ಟೆಲ್ಲ ಏಕೆ ಎಂದು ಕೆಲವರು ಕೇಳಬಹುದು. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ ವಿಮೆಯು ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ರಕ್ಷಣೆ ಕೊಡುತ್ತದೆ. 2024ರಿಂದ 70 ವರ್ಷ ದಾಟಿದ ಎಲ್ಲರಿಗೂ ಆದಾಯದ ಮಿತಿಯಿಲ್ಲದೆ ಅನ್ವಯಿಸುತ್ತದೆ. ಇದು ಸಣ್ಣ ಉಪಕಾರವಲ್ಲ. ಆದರೆ ಅದು ಒಳರೋಗಿಯ ಚಿಕಿತ್ಸೆಗೆ ಸಂಬಂಧಿಸಿದ್ದು. ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ದಿನನಿತ್ಯದ ಮಾತ್ರೆಗೆ, ಹೊರರೋಗಿ ವಿಭಾಗದ ಪರೀಕ್ಷೆಗೆ ಅದು ಒದಗುವುದಿಲ್ಲ. 2021-22ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದ ಶೇ. 39.4ರಷ್ಟನ್ನು ಜನರು ನೇರವಾಗಿ ತಮ್ಮ ಜೇಬಿನಿಂದಲೇ ತೆತ್ತರು. 2013-14ರಲ್ಲಿ ಇದು ಶೇ. 64.2 ಇತ್ತೆಂಬುದು ಸಮಾಧಾನದ ಸಂಗತಿ. ಇಳಿಕೆ ಸಾಧ್ಯವೆಂಬುದಕ್ಕೆ ಅದೇ ಸಾಕ್ಷಿ.

ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಭಾವಿಸುವುದು ಸುಲಭ. ಉದ್ಯೋಗದಾತರು ಕೊಡುವ ವಿಮೆ ಸಾಮಾನ್ಯವಾಗಿ ನಿವೃತ್ತಿಯೊಂದಿಗೆ ಮುಗಿಯುತ್ತದೆ, ರೋಗಗಳು ಆರಂಭವಾಗುವುದೇ ಆಗ. ಊರಿನಲ್ಲಿ ಉಳಿದ ವೃದ್ಧ ತಂದೆತಾಯಿಯರಿಗೆ ಅರ್ಧರಾತ್ರಿಯಲ್ಲಿ ಎದೆನೋವು ಬಂದರೆ ಹತ್ತಿರದಲ್ಲಿರುವುದು ತಾಲ್ಲೂಕು ಆಸ್ಪತ್ರೆಯೇ. ಅಂಗಡಿಯ ಸಹಾಯಕ, ಮನೆಗೆಲಸದ ಹೆಣ್ಣುಮಗಳು ರೋಗಕ್ಕಾಗಿ ಸಾಲ ಮಾಡುವುದನ್ನು ಪ್ರತಿ ಮನೆಯೂ ಕಂಡಿದೆ. ಅಹಿಂಸೆಯನ್ನು ಧರ್ಮವೆಂದು ನಂಬಿದವರು ತಡೆಯಬಹುದಾದ ಸಾವನ್ನು ಆಯವ್ಯಯದ ಒಂದು ಅಂಕೆಯೆಂದು ಬದಿಗಿಡಲಾಗದು.

ಈ ಪ್ರಶ್ನೆಯನ್ನು ಸಮಾಜವು ತನಗೂ ಕೇಳಿಕೊಳ್ಳಬೇಕು. ಚತುರ್ವಿಧ ದಾನಗಳಲ್ಲಿ ಔಷಧದಾನವನ್ನು ಪರಂಪರೆಯು ಎತ್ತಿ ಹೇಳಿದೆ. ಆದರೂ ದತ್ತಿನಿಧಿಗಳ ಸಭೆಗಳಲ್ಲಿ ಹೊಸ ವಾರ್ಡಿಗೆ, ಹೆಸರಿನ ಫಲಕಕ್ಕೆ ದಾನಿಗಳು ಬೇಗನೆ ದೊರೆಯುತ್ತಾರೆ. ದಾದಿಯ ಹತ್ತು ವರ್ಷಗಳ ಸಂಬಳಕ್ಕೆ, ಡಯಾಲಿಸಿಸ್ ಯಂತ್ರದ ದುರಸ್ತಿಗೆ ನಿಧಿಯಿಡುವವರು ವಿರಳ. ಶಾಸನಗಳ ಕಾಲದ ದಾನಿಗಳು ಪಾಲಿಸಿದ ಕ್ರಮವನ್ನು ಸಮಾಜದ ಚಿಕಿತ್ಸಾಲಯಗಳಲ್ಲಿ ಮೊದಲು ಜಾರಿಗೆ ತಂದರೆ, ಸರ್ಕಾರವನ್ನು ಕೇಳುವ ನೈತಿಕ ಅಧಿಕಾರ ತಾನಾಗಿ ಬರುತ್ತದೆ.

ಕೇಳಬೇಕಾದುದು ಮೂರು. ಮುಂದಿನ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಹತ್ತು ವರ್ಷಗಳ ವೆಚ್ಚವನ್ನು ವರ್ಷವಾರು, ಕೇಂದ್ರ ಮತ್ತು ರಾಜ್ಯಗಳ ಪಾಲನ್ನು ಬೇರ್ಪಡಿಸಿ ಕೊಡಬೇಕು. ಕಟ್ಟಡದ ವೆಚ್ಚದ ಪಕ್ಕದಲ್ಲಿಯೇ ಸಿಬ್ಬಂದಿ, ಔಷಧ, ನಿರ್ವಹಣೆಗಳ ನಿತ್ಯವೆಚ್ಚವನ್ನು, ಆಶಾ ಕಾರ್ಯಕರ್ತೆಯರ ನ್ಯಾಯವಾದ ವೇತನವನ್ನೂ ಸೇರಿಸಿ, ಬರೆಯಬೇಕು. ಪ್ರತಿ ಆಯವ್ಯಯದೊಂದಿಗೆ ಹಿಂದಿನ ವರ್ಷದ ಗುರಿ ಎಷ್ಟು ಈಡೇರಿತು, ಏಕೆ ತಪ್ಪಿತು ಎಂಬ ವರದಿಯನ್ನು ಸಂಸತ್ತಿನಲ್ಲಿಯೂ ಶಾಸನಸಭೆಗಳಲ್ಲಿಯೂ ಮಂಡಿಸಬೇಕು. ಮಹಾವೀರ ನಿರ್ವಾಣದ ಮರುದಿನ ಹೊಸ ಲೆಕ್ಕದ ಪುಸ್ತಕ ತೆರೆಯುವ ವ್ಯಾಪಾರಿಯು ಹಳೆಯ ವರ್ಷದ ಬಾಕಿಯನ್ನು ಅದಕ್ಕೆ ಏರಿಸದೆ ಬಿಡುವುದಿಲ್ಲ. ಮತ ಕೇಳಲು ಬರುವ ಅಭ್ಯರ್ಥಿಯಿಂದಲೂ ಮೊದಲು ಕೇಳಬೇಕಾದುದು ಆ ಹಳೆಯ ಬಾಕಿಯನ್ನೇ.