ಗಂಟು ಸಣ್ಣದಿದ್ದಾಗ ದುರ್ಗದಲ್ಲಿ, ದೊಡ್ಡದಾದ ಮೇಲೆ ಬೆಂಗಳೂರಲ್ಲಿ!

“ಯಾವ ಸ್ಟೇಜಂತೆ?”

ಹೆಣ್ಣುಮಗಳೊಬ್ಬಳಿಗೆ ಸ್ತನ ಕ್ಯಾನ್ಸರ್ ಅಂತ ಊರಲ್ಲಿ ಸುದ್ದಿ ಹಬ್ಬಿದ ಕೂಡಲೇ ಕೇಳಿಬರುವ ಮೊದಲ ಪ್ರಶ್ನೆ ಇದು. ಥರ್ಡ್ ಸ್ಟೇಜ್ ಅಂದರೆ ಸಾಕು, “ಮುಗೀತು ಬಿಡಿ” ಎಂಬ ತೀರ್ಪು ಅರಳಿಕಟ್ಟೆಯಲ್ಲೇ ಹೊರಬೀಳುತ್ತದೆ. ಆದರೆ ಡಾಕ್ಟರಿಗೆ ಬೇಕಾದದ್ದು ಮೂರು ಲೆಕ್ಕ. ಗಂಟು ಎಷ್ಟು ದೊಡ್ಡದು? ಕಂಕುಳಿನ ಗ್ರಂಥಿಗಳಿಗೆ ಇಳಿದಿದೆಯೆ? ದೂರದ ಅಂಗಗಳಿಗೆ ಹಬ್ಬಿದೆಯೆ? ಚಿಕಿತ್ಸೆ ತೀರ್ಮಾನವಾಗುವುದು ಇದರ ಮೇಲೆ.

ಗಂಟು 2 ಸೆಂಟಿಮೀಟರ್ ಒಳಗಿದ್ದು ಕಂಕುಳು ಶುದ್ಧವಾಗಿದ್ದರೆ ಒಂದನೇ ಹಂತ. ಗಂಟು 2ರಿಂದ 5 ಸೆಂಟಿಮೀಟರ್ ಬೆಳೆದಿದ್ದರೆ ಅಥವಾ ಕಂಕುಳಲ್ಲಿ ಕೆಲವು ಗ್ರಂಥಿಗಳು ಸಿಕ್ಕಿದರೆ ಸಾಮಾನ್ಯವಾಗಿ ಎರಡನೆಯದು. ಗಂಟು ಚರ್ಮಕ್ಕೋ ಎದೆಗೂಡಿಗೋ ಅಂಟಿದರೆ, ಹುಣ್ಣಾದರೆ, ಕಂಕುಳಿನ ಗ್ರಂಥಿಗಳು ಒಂದಕ್ಕೊಂದು ಕಚ್ಚಿಕೊಂಡರೆ ಮೂರನೆಯದು. ಮೂಳೆ, ಶ್ವಾಸಕೋಶ, ಲಿವರ್, ಮೆದುಳಿಗೆ ಹೋಗಿದ್ದರೆ ನಾಲ್ಕನೆಯದು.

ಮೊದಲೆರಡು ಹಂತದಲ್ಲಿ ಬಹಳ ಮಂದಿಗೆ ಸ್ತನವನ್ನೇ ತೆಗೆಯಬೇಕಿಲ್ಲ. ಗಂಟನ್ನು ಮಾತ್ರ ತೆಗೆದು ಕರೆಂಟ್ ಕೊಟ್ಟರೆ, ಅಂದರೆ ವಿಕಿರಣ ಕೊಟ್ಟರೆ, ಪೂರ್ತಿ ಸ್ತನ ತೆಗೆದಷ್ಟೇ ಕಾಲ ಬದುಕುತ್ತಾರೆ ಎಂದು ಅಮೆರಿಕದ ಬರ್ನಾರ್ಡ್ ಫಿಶರ್ ತಂಡ 20 ವರ್ಷ ರೋಗಿಗಳ ಬೆನ್ನುಹತ್ತಿ 2002ರಲ್ಲಿ ತೋರಿಸಿಕೊಟ್ಟಿತು. ಮೂರನೇ ಹಂತದಲ್ಲಿ ಸಾಮಾನ್ಯವಾಗಿ ಮೊದಲು ಕೀಮೋ, ಗಂಟು ಕುಗ್ಗಿದ ಮೇಲೆ ಆಪರೇಷನ್, ಆಮೇಲೆ ಕರೆಂಟ್. ದಾರಿ ಉದ್ದ, ಆದರೂ ವಾಸಿ ಮಾಡುವ ಗುರಿಯಿಂದಲೇ ಈ ಚಿಕಿತ್ಸೆ. ನಾಲ್ಕನೆಯದರಲ್ಲಿ ರೋಗವನ್ನು ಹಿಡಿತದಲ್ಲಿಡುವುದು, ನೋವು ತಗ್ಗಿಸುವುದು ಮುಖ್ಯ. ಬಯಾಪ್ಸಿಯಲ್ಲಿ ಗಂಟಿನ ಜಾತಿ ತಿಳಿದ ಮೇಲೆ ಕೆಲವರಿಗೆ ಐದು ವರ್ಷವೋ ಹೆಚ್ಚೋ ಮಾತ್ರೆ, ಕೆಲವರಿಗೆ ಬೇರೆ ಇಂಜೆಕ್ಷನ್.

ಹಾಗಾದರೆ ಒಂದನೇ ಹಂತದ ಗಂಟು ಮೂರಕ್ಕೆ ಏರುವುದು ಎಲ್ಲಿ? ಮನೆಯಲ್ಲೇ. ಶುರುವಿನ ಗಂಟು ಹೆಚ್ಚಾಗಿ ನೋಯುವುದಿಲ್ಲ. ನೋವಿಲ್ಲದ್ದಕ್ಕೆ ಆಸ್ಪತ್ರೆ ಯಾಕೆ? ಮೇಲಾಗಿ ನಾಚಿಕೆ. ಗಂಡನಿಗೆ ಹೇಳಲು ಒಂದು ತಿಂಗಳು, ಅತ್ತೆಗೆ ಹೇಳಲು ಮತ್ತೊಂದು. “ಹಾಲಿನ ಗಂಟು, ಕರಗುತ್ತೆ” ಅಂತ ಲೇಪ ಹಚ್ಚುವವರು ಸಿಗುತ್ತಾರೆ. “ಸೂಜಿ ಚುಚ್ಚಿದ್ರೆ ಹರಡುತ್ತೆ” ಎಂಬ ಮಾತು ಕೇಳಿ ಬಯಾಪ್ಸಿ ಬಿಟ್ಟು ಓಡುವವರೂ ಉಂಟು. ಈ ಮಾತಿಗೆ ಬುಡವಿಲ್ಲ. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರೇ ಅಲ್ಲ. ಅದು ಗೊತ್ತಾಗುವುದೂ ಆ ಸೂಜಿಯಿಂದಲೇ.

ತಪ್ಪೆಲ್ಲ ಹೆಂಗಸರ ಮೇಲೆ ಹೊರಿಸುವುದೂ ನ್ಯಾಯವಲ್ಲ. 1973ರಲ್ಲಿ ಶುರುವಾದ ಕಿದ್ವಾಯಿ ಆಸ್ಪತ್ರೆ ದುರ್ಗದಿಂದ ಸುಮಾರು 200 ಕಿ.ಮೀ. ದೂರ. ಮೊಳಕಾಲ್ಮೂರಿನವರಿಗೆ ಇನ್ನೂ ದೂರ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ ಚಾರ್ಜಿಲ್ಲ, ನಿಜ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯೂ ಉಂಟು. ಆದರೆ ಕರೆಂಟ್ ಕೊಡುವುದು ವಾರಗಟ್ಟಲೆ. ಅಷ್ಟು ದಿನ ಹೋದ ಕೂಲಿ, ಜೊತೆಗೆ ಬಂದವರ ಊಟ, ಮನೆಯಲ್ಲಿ ಬಿಟ್ಟ ಮಕ್ಕಳು — ಇದಕ್ಕೆ ಯಾವ ಕಾರ್ಡು?

30 ದಾಟಿದ ಹೆಂಗಸರ ಸ್ತನವನ್ನು ಐದು ವರ್ಷಕ್ಕೊಮ್ಮೆ ಆರೋಗ್ಯ ಸಿಬ್ಬಂದಿ ಕೈಯಿಂದ ಪರೀಕ್ಷಿಸಬೇಕು ಎಂದು ಕೇಂದ್ರ ಸರ್ಕಾರ 2016ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ನಡೆದದ್ದು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಈ ಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಒಬ್ಬರೂ ಇಲ್ಲ, 0.9!

ಇದಕ್ಕೆ ಕೋಟಿ ರೂಪಾಯಿಯ ಯಂತ್ರ ಬೇಕೆಂಬ ನೆಪ ನಡೆಯದು. ಮುಂಬೈನ ಟಾಟಾ ಆಸ್ಪತ್ರೆಯವರು 1998ರಿಂದ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿ ಅಧ್ಯಯನ ನಡೆಸಿದರು. ಅರ್ಧದಷ್ಟು ಮಂದಿಗೆ ತರಬೇತಿ ಪಡೆದ ಕಾರ್ಯಕರ್ತೆಯರಿಂದ ಎರಡು ವರ್ಷಕ್ಕೊಮ್ಮೆ ಕೈಪರೀಕ್ಷೆ. 2021ರಲ್ಲಿ ಬಂದ ಫಲಿತಾಂಶ: ಈ ಗುಂಪಿನಲ್ಲಿ ರೋಗ ಮೊದಲಿನ ಹಂತದಲ್ಲೇ ಹೆಚ್ಚಾಗಿ ಸಿಕ್ಕಿತು, 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30 ಇಳಿಯಿತು. ಚಿಕ್ಕ ವಯಸ್ಸಿನವರಲ್ಲಿ ಸಾವು ಅಷ್ಟು ಇಳಿಯಲಿಲ್ಲ ಎಂಬುದನ್ನೂ ಮುಚ್ಚಿಡಬೇಕಿಲ್ಲ.

ಜಿಲ್ಲೆಯ ಆರೋಗ್ಯ ಅಧಿಕಾರಿಗಳು ತಿಂಗಳ ಸಭೆಯಲ್ಲಿ ಎಷ್ಟು ಜನರನ್ನು ಪರೀಕ್ಷಿಸಿದಿರಿ ಎಂದು ಮಾತ್ರ ಕೇಳಿದರೆ ಸಾಲದು. ಗಂಟು ಸಿಕ್ಕವರಲ್ಲಿ ಎಷ್ಟು ಮಂದಿಗೆ ಬಯಾಪ್ಸಿ ಆಯಿತು, ಎಷ್ಟು ದಿನಕ್ಕೆ ಆಯಿತು, ಯಾವ ಹಂತ ಬಂತು? ಈ ಮೂರು ಅಂಕಿ ತಾಲ್ಲೂಕುವಾರು ಹೊರಗೆ ಬರಲಿ. ಚಳ್ಳಕೆರೆಯಲ್ಲಿ, ಹೊಸದುರ್ಗದಲ್ಲಿ ರೋಗ ಸಿಗುವುದು ಒಂದನೇ ಹಂತದಲ್ಲೋ ಮೂರನೆಯದರಲ್ಲೋ ಎಂಬುದು ಜನಕ್ಕೂ ತಿಳಿಯಲಿ.

ಸಂಬಂಧಪಟ್ಟವರು ಗಮನಿಸುವರೆ?