ಮಾಜಿ ಸೈನಿಕರ ಸಂಘಗಳಿಗೆ ನಾಳೆ ಯಾರು?

ಹೊಸಬರ ಬರವು ನಿಂತರೆ ಏನಾಗುತ್ತದೆ ಎಂಬುದನ್ನು ಭದ್ರಾವತಿಯ ಕಾಗದನಗರದವರಿಗೆ ಯಾರೂ ವಿವರಿಸಬೇಕಾಗಿಲ್ಲ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ ಸ್ಥಗಿತಗೊಂಡು ಸುಮಾರು ಹತ್ತು ವರ್ಷಗಳೇ ಕಳೆದಿವೆ. ನೇಮಕಾತಿ ಇಲ್ಲದ ಊರಿನಲ್ಲಿ ಬರಿದಾಗುವುದು ವಸತಿಗೃಹಗಳಷ್ಟೇ ಅಲ್ಲ, ಸಂಘಸಂಸ್ಥೆಗಳೂ ಹೌದು. ಇಂಥದೇ ಸ್ಥಿತಿ ಮಾಜಿ ಸೈನಿಕರ ಸಂಘಗಳಿಗೂ ಒದಗಲಿದೆ. ಅದರ ಬಿಸಿ ಮೊದಲು ತಟ್ಟುವುದು ಸದಸ್ಯಬಲ ಕಡಿಮೆಯಿರುವ ಸಣ್ಣ ಊರುಗಳ ಸಂಘಗಳಿಗೆ.

ಲೆಕ್ಕ ಸರಳವಾದುದು. 1962ರ ಯುದ್ಧದಲ್ಲಿ ಹೋರಾಡಿದವರು ಇಂದು ಎಂಬತ್ತು ದಾಟಿದ್ದಾರೆ. 1971ರವರು ಎಪ್ಪತ್ತು ದಾಟಿದ್ದಾರೆ. ಅವರ ಸ್ಥಾನವನ್ನು ಇದುವರೆಗೆ ತುಂಬುತ್ತಿದ್ದವರು ಹದಿನೈದು, ಹದಿನೇಳು ವರ್ಷ ಸೇವೆ ಸಲ್ಲಿಸಿ, ನಲವತ್ತರ ಆಸುಪಾಸಿನಲ್ಲಿ ಊರಿಗೆ ಮರಳುತ್ತಿದ್ದ ಸಿಪಾಯಿಗಳು. ಭೂಸೇನೆಗೆ 2019-20ರಲ್ಲಿ 80,572 ಮಂದಿ ಸೇರಿದ್ದರು. ಕೋವಿಡ್ ಕಾರಣದಿಂದ ಮುಂದಿನ ಎರಡು ವರ್ಷ ಸೈನಿಕರ ನೇಮಕವೇ ನಡೆಯಲಿಲ್ಲ. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂತು. ಅದರ ಪ್ರಕಾರ ನಾಲ್ಕು ವರ್ಷಗಳ ನಂತರ ಕಾಯಂ ಸೇವೆಗೆ ಉಳಿಯುವವರು ಗರಿಷ್ಠ ಶೇ 25ರಷ್ಟು ಮಾತ್ರ. ಮೊದಲ ವರ್ಷಕ್ಕೆ ಪ್ರಕಟಿಸಿದ 46,000 ಮಂದಿಯಲ್ಲಿ ಕನಿಷ್ಠ 34,500 ಮಂದಿ ಹೊರಬರಬೇಕು. ಯೋಜನೆಯ ಷರತ್ತಿನಂತೆ ಅವರಿಗೆ ಪಿಂಚಣಿಯಿಲ್ಲ. ‘ಮಾಜಿ ಸೈನಿಕ’ ಎಂಬ ಮಾನ್ಯತೆಯೂ ಇಲ್ಲ.

ಸಂಘ ಕ್ಷೀಣಿಸಿದರೆ ನಷ್ಟವೇನು ಎಂದು ಕೇಳಬಹುದು. ಪಿಂಚಣಿ ವ್ಯವಸ್ಥೆ ಈಗ ‘ಸ್ಪರ್ಶ್’ ಎಂಬ ಗಣಕೀಕೃತ ಜಾಲಕ್ಕೆ ಬಂದಿದೆ. ಸೇನೆಯ ದಾಖಲೆಯಲ್ಲಿ ಪತ್ನಿಯ ಹೆಸರು ಒಂದಕ್ಷರ ತಪ್ಪಿದ್ದರೂ ಕುಟುಂಬ ಪಿಂಚಣಿಗೆ ತೊಡಕಾಗಬಹುದು. ಎಪ್ಪತ್ತೈದರ ವಿಧವೆಗೆ ಯಾವ ಅರ್ಜಿ, ಯಾವ ರೆಕಾರ್ಡ್ಸ್ ಕಚೇರಿ ಎಂದು ತಿಳಿಸಿ, ಜೀವಿತ ಪ್ರಮಾಣಪತ್ರ ಸಲ್ಲಿಸಲು ಜೊತೆಗೆ ಹೋಗುವವರು ಸಂಘದ ಸದಸ್ಯರೇ. ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗಳು ಮಾರ್ಗದರ್ಶನ ನೀಡಬಲ್ಲವು, ಮನೆಬಾಗಿಲಿಗೆ ಬರಲಾರವು. ವಿಪರ್ಯಾಸವೆಂದರೆ, ಸದಸ್ಯರ ಸಂಖ್ಯೆ ಇಳಿಯುವ ಕಾಲದಲ್ಲಿಯೇ ನೆರವು ಬೇಡುವ ವೃದ್ಧರ, ವಿಧವೆಯರ ಪ್ರಮಾಣ ಏರುತ್ತದೆ.

ಅಮೆರಿಕ ಈ ಹಾದಿಯನ್ನು ನಮಗಿಂತ ಮೊದಲೇ ತುಳಿದಿದೆ. ಅಲ್ಲಿ 1973ರಲ್ಲಿ ಕಡ್ಡಾಯ ಸೇನಾಭರ್ತಿ ನಿಂತಿತು. 2000ದಲ್ಲಿ 2.64 ಕೋಟಿಯಿದ್ದ ಮಾಜಿ ಸೈನಿಕರ ಸಂಖ್ಯೆ 2018ರ ವೇಳೆಗೆ 1.8 ಕೋಟಿಗೆ ಕುಸಿಯಿತು. ಅಲ್ಲಿನ ಪ್ರಮುಖ ಸಂಘಟನೆಯಾದ ಅಮೆರಿಕನ್ ಲೀಜನ್, ನಿರ್ದಿಷ್ಟ ಯುದ್ಧಕಾಲಗಳಲ್ಲಿ ಸೇವೆ ಸಲ್ಲಿಸಿದವರಿಗಷ್ಟೇ ತೆರೆದಿದ್ದ ತನ್ನ ಬಾಗಿಲನ್ನು 2019ರ ಕಾಯಿದೆಯ ಮೂಲಕ ಅಗಲಿಸಿಕೊಂಡಿತು.

ನಮ್ಮ ಸಂಘಗಳು ಸಂಸತ್ತಿನತ್ತ ನೋಡುತ್ತ ಕೂರಬೇಕಾಗಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ, 1960ರ ಅಡಿ ನೋಂದಣಿಯಾದ ಸಂಘ ತನ್ನ ನಿಯಮಾವಳಿಯನ್ನು ಸರ್ವಸದಸ್ಯರ ಸಭೆಯಲ್ಲಿ ತಿದ್ದಿಕೊಳ್ಳಬಹುದು. ನಾಲ್ಕು ವರ್ಷ ಗಡಿ ಕಾಯ್ದು ಬಂದ ಯುವಕನಿಗೂ, ಸೈನಿಕರ ವಿಧವೆಯರಿಗೂ ಮತಾಧಿಕಾರ ಸಹಿತ ಸದಸ್ಯತ್ವ ನೀಡಲಿ. ಪೂರ್ಣಾವಧಿ ಸೇವೆಯ ಗೌರವ ಇದರಿಂದ ತಗ್ಗುತ್ತದೆ ಎಂಬ ಆಕ್ಷೇಪ ಬರಬಹುದು. ಆ ಗೌರವ ಸೇನೆಯ ದಾಖಲೆಯಲ್ಲಿದೆ, ಅದನ್ನು ಯಾರೂ ಅಳಿಸಲಾರರು. ಸರ್ಕಾರದ ಸೌಲಭ್ಯ ಯಾರಿಗೆ ಸಲ್ಲಬೇಕೆಂಬುದನ್ನು ಸರ್ಕಾರ ನಿರ್ಧರಿಸಲಿ. ತಮ್ಮವರು ಯಾರು ಎಂಬುದನ್ನು ಸಂಘಗಳೇ ನಿರ್ಧರಿಸಬೇಕು. ಹಿರಿಯರು ಇನ್ನೂ ಸಭೆಗೆ ಬರುವ ಶಕ್ತಿ ಉಳಿಸಿಕೊಂಡಿರುವಾಗಲೇ ಈ ತಿದ್ದುಪಡಿ ಆಗುವುದು ಒಳಿತು.